ಮಡ್ಡಿಯ ಹುಲ್ಲು, ಮನೆಯ ಕುರಿ: ಮೂರನೆಯ ಮಳೆಗಾಲದ ದಾಖಲೆ

ಯಾದಗಿರಿ ತಾಲ್ಲೂಕಿನ ನಮ್ಮೂರಿನ ಬಡಗಣ ದಿಕ್ಕಿಗೆ, ಕಲ್ಲುಗುಡ್ಡದ ಬುಡಕ್ಕೆ ಅಂಟಿಕೊಂಡಿರುವ 12 ಎಕರೆ ಮಡ್ಡಿಯನ್ನು (ಕಲ್ಲುನೆಲವನ್ನು) ಉಳದೆ ಹುಲ್ಲಿಗೇ ಬಿಟ್ಟು, ಅದರಲ್ಲಿ ಮನೆಯ 40 ಕುರಿಗಳನ್ನು ಮೇಯಿಸುವ ಪ್ರಯತ್ನ ಈಗ ಮೂರನೆಯ ಮಳೆಗಾಲದಲ್ಲಿದೆ. ಮೊದಲೆರಡು ವರ್ಷ ಮಾಡಿದ ತಪ್ಪುಗಳನ್ನು ಬರೆದಿಡದೆ ಈ ವರ್ಷದ ಕೆಲಸ ಅರ್ಥವಾಗುವುದಿಲ್ಲವಾದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಮೊದಲ ವರ್ಷ ಸುತ್ತಲೂ ಮುಳ್ಳುಬೇಲಿ ಹಾಕಿ ಒಂದು ಕುರಿಯನ್ನೂ ಒಳಗೆ ಬಿಡಲಿಲ್ಲ. ಹುಲ್ಲು ಸೊಂಟದವರೆಗೆ ಬೆಳೆದು ನೋಡಲು ಚೆಂದವೇ ಇತ್ತು. ದೀಪಾವಳಿ ಕಳೆದ ಮೇಲೆ ಬೇಲಿ ತೆಗೆದಾಗ ಒಳಗಿದ್ದದ್ದು ಒಣಗಿದ ದಂಟು ಮತ್ತು ಹೆಟೆರೊಪೋಗನ್ ಹುಲ್ಲಿನ ಸೂಜಿಮೊನೆಯ ಬೀಜ. ಎರಡೇ ದಿನಗಳಲ್ಲಿ ಕುರಿಗಳ ತುಪ್ಪಟಕ್ಕೆ ಬೀಜ ಅಂಟಿ, ಚರ್ಮದೊಳಗೆ ಇಳಿದು, ಒಂದು ಮರಿಯ ಕಣ್ಣಿಗೂ ಚುಚ್ಚಿತು. ಈ ಬೀಜವನ್ನು ಅಂಗೈಯ ಮೇಲಿಟ್ಟು ಒಂದು ಹನಿ ನೀರು ಬಿಟ್ಟರೆ ಅದರ ಕರಿಯ ಬಾಲ ತಾನಾಗಿ ತಿರುಚುತ್ತ ಗಡಿಯಾರದ ಮುಳ್ಳಿನಂತೆ ಸುತ್ತತೊಡಗುತ್ತದೆ. ಒದ್ದೆಯಾದಾಗ ಬಿಚ್ಚಿ, ಒಣಗಿದಾಗ ಹೆಣೆದುಕೊಂಡು, ಬೀಜವನ್ನು ಮಣ್ಣಿನೊಳಗೆ ಕೊರೆಯುವುದಕ್ಕೆ ಇರುವ ಏರ್ಪಾಡು ಅದು. ಕುರಿಯ ಚರ್ಮವೂ ಮಣ್ಣೂ ಅದಕ್ಕೆ ಒಂದೇ.

ಎರಡನೆಯ ವರ್ಷ ಇದಕ್ಕೆ ಹೆದರಿ ಮಿರಗದ (ಮೃಗಶಿರಾ) ಮಳೆ ಬಿದ್ದು ಹಸಿರು ಕಂಡ ಕೂಡಲೇ ಹಿಂಡನ್ನು ಒಳಗೆ ಬಿಟ್ಟೆ. ಆಯುಷ್ಯವೆಲ್ಲ ಕುರಿ ಕಾಯ್ದ ನಮ್ಮ ದೊಡ್ಡಪ್ಪ "ಹುಲ್ಲು ಬೇರು ಬಿಡೂತನ ಕುರಿ ಬಾಯಿ ಹಚ್ಚಬ್ಯಾಡೋ ತಮ್ಮಾ" ಎಂದಿದ್ದರು. ಹಳೆಯ ಬುಡದಿಂದ ಬರುವ ಮೊದಲ ಚಿಗುರು ಬೇರಿನಲ್ಲಿ ಕೂಡಿಟ್ಟ ಆಹಾರದಿಂದ ಬರುತ್ತದೆ. ಅದನ್ನೇ ಮೇಯಿಸಿದರೆ ಬೇರಿಗೆ ಮರಳಿ ತುಂಬಿಕೊಳ್ಳಲು ಎಲೆಯೇ ಉಳಿಯುವುದಿಲ್ಲ. ಅಂಜನ ಹುಲ್ಲಿನ ಎಷ್ಟೋ ಬುಡಗಳು ಸಡಿಲ ಮಣ್ಣಿನಿಂದ ಕಿತ್ತೇ ಬಂದವು. ಖಾಲಿಯಾದ ಜಾಗವನ್ನು ಕಾಂಗ್ರೆಸ್ ಹುಲ್ಲು ಹಿಡಿಯಿತು. ಅದೇ ವಾರ ಎಳೆ ಹುಲ್ಲನ್ನು ಹೊಟ್ಟೆಬಿರಿಯ ತಿಂದ ಮೂರು ಒಳ್ಳೆಯ ಮರಿಗಳು ಕರುಳು ಬೇನೆಗೆ ಸಿಕ್ಕು ಬೆಳಗಾಗುವಷ್ಟರಲ್ಲಿ ಸತ್ತಿದ್ದವು. ಮಳೆಗೆ ಮುಂಚೆಯೇ ಹಾಕಿಸಬೇಕಿದ್ದ ಲಸಿಕೆಯನ್ನು ನಾನು ಮುಂದೂಡಿದ್ದೆ.

ಈ ವರ್ಷ ಮೇ ತಿಂಗಳಲ್ಲೇ ಲಸಿಕೆ ಮುಗಿಸಿ, 12 ಎಕರೆಯನ್ನು ಮೂರು ಮೂರು ಎಕರೆಯ ನಾಲ್ಕು ಪಾಲು ಮಾಡಿದ್ದೇನೆ. ಆರಿದ್ರಾ, ಪುನರ್ವಸು ಎರಡೂ ಮಳೆ ಮುಗಿಯುವವರೆಗೆ ಹಿಂಡು ಹೊರಗೇ ಇತ್ತು. ನಂತರ ಹುಲ್ಲು ಒಂದು ಗೇಣು ಮೀರಿದ ಪಾಲನ್ನು ತೆರೆಯುವುದು, ನಾಲ್ಕು ಬೆರಳು ಉಳಿದಾಗ ಮುಚ್ಚುವುದು. ಹೆಟೆರೊಪೋಗನ್ ಹೆಚ್ಚಿರುವ ಪಾಲನ್ನು ತೆನೆ ಒಡೆಯುವ ಮೊದಲೇ ಮೇಯಿಸಿದೆ; ಎಳೆಯದಿದ್ದಾಗ ಕುರಿ ಅದನ್ನು ಇಷ್ಟಪಟ್ಟೇ ತಿನ್ನುತ್ತದೆ. ನಾಲ್ಕನೆಯ ಪಾಲನ್ನು ಬೀಜ ಉದುರುವವರೆಗೆ ಮುಟ್ಟುವುದಿಲ್ಲ, ಪ್ರತಿವರ್ಷ ಬೇರೆ ಪಾಲಿಗೆ ಆ ಸರದಿ ಬರುತ್ತದೆ.

ಎಷ್ಟು ದಿನದ ಮೇವಿದೆ ಎಂಬುದನ್ನು ಊಹೆಗೆ ಬಿಡದೆ, ಒಂದು ಮೀಟರ್ ಚೌಕದ ಕಬ್ಬಿಣದ ಚೌಕಟ್ಟನ್ನು ಹತ್ತು ಕಡೆ ಇಟ್ಟು, ಒಳಗಿನ ಹುಲ್ಲನ್ನು ಕುಡುಗೋಲಿನಿಂದ ಕೊಯ್ದು ಒಣಗಿಸಿ ತೂಗಿದೆ. ಸರಾಸರಿ 180 ಗ್ರಾಂ ಬಂತು. 12 ಎಕರೆಗೆ ಅದು 8,700 ಕಿಲೋ ಆಗುತ್ತದೆ. ಅರ್ಧವನ್ನು ನೆಲಕ್ಕೇ ಬಿಟ್ಟು, ಕುರಿಗೆ ದಿನಕ್ಕೆ ಒಂದು ಕಿಲೋ ಒಣ ಮೇವೆಂದು ಹಿಡಿದರೆ 40 ಕುರಿಗಳಿಗೆ ಮೂರೂವರೆ ತಿಂಗಳು. ಅಷ್ಟೇ. ಉಳಿದ ದಿನಗಳಿಗೆ ಜೋಳ ಕೊಯ್ದ ಹೊಲ, ತೊಗರಿ ರಾಶಿಯ ಹೊಟ್ಟು ಮತ್ತು ಹಿಕ್ಕೆಗಾಗಿ ರಾತ್ರಿ ಹಿಂಡು ನಿಲ್ಲಿಸಿಕೊಳ್ಳುವ ರೈತರ ಜಮೀನು ಬೇಕೇ ಬೇಕು. ಹಿಂಡನ್ನು 60ಕ್ಕೆ ಏರಿಸುವ ಆಸೆಯನ್ನು ಈ ಲೆಕ್ಕ ನೋಡಿದ ದಿನವೇ ಬಿಟ್ಟೆ.

ಒಂದು ತೊಂದರೆ ನಿರೀಕ್ಷಿಸದ ಕಡೆಯಿಂದ ಬಂದಿದೆ. ಬೇಸಿಗೆಯಲ್ಲಿ ಹಳ್ಳದ ದಂಡೆಯ ಬಳ್ಳಾರಿ ಜಾಲಿಯ ಕಾಯಿ ತಿಂದುಬಂದ ಕುರಿಗಳನ್ನು ಮಡ್ಡಿಯ ಅಂಚಿನಲ್ಲೇ ತರುಬುತ್ತಿದ್ದೆವು. ಮಳೆ ಬಿದ್ದ ಮೇಲೆ ಅದೇ ಜಾಗದಲ್ಲಿ, ಹಿಕ್ಕೆಯೊಳಗಿಂದಲೇ, ಜಾಲಿ ಸಸಿಗಳು ಎದ್ದವು. ಬೆರಳುದ್ದವಿರುವಾಗ ಕೈಯಿಂದಲೇ ಕೀಳಬಹುದು. ಮರವಾದರೆ ನೆಲಮಟ್ಟಕ್ಕೆ ಕಡಿದರೂ ಮತ್ತೆ ಚಿಗುರುವುದರಿಂದ ಬುಡವನ್ನೇ ಅಗೆದು ತೆಗೆಯಬೇಕು. ಮುಂದಿನ ಬೇಸಿಗೆಯಿಂದ ದೊಡ್ಡಿಯನ್ನು ಊರ ಕಡೆಗೆ ಸರಿಸುತ್ತೇನೆ.

ಇಲ್ಲಿ ಸಸಿ ನೆಡೋಣವೆಂದು ಒಳ್ಳೆಯ ಮನಸ್ಸಿನಿಂದಲೇ ಬಂದವರಿಗೆ ಬೇಡವೆಂದು ಹೇಳಬೇಕಾಯಿತು. ಮರವಿಲ್ಲದ ನೆಲವೆಲ್ಲ ಬಂಜರು ಎಂಬ ಎಣಿಕೆ ನಮ್ಮಲ್ಲಿ ಆಳವಾಗಿದೆ. ದಖ್ಖನ್ನಿನ ಹುಲ್ಲುಗಾವಲು ಸೆಹಿಮಾ–ಡೈಕ್ಯಾಂಥಿಯಂ ಎಂದು ಎರಡು ಹುಲ್ಲುಗಳ ಹೆಸರಿಟ್ಟು ಗುರುತಿಸಿರುವ ವಿಶಾಲ ವರ್ಗಕ್ಕೆ ಸೇರಿದ್ದು, ಎರಡೂ ಹುಲ್ಲು ನನ್ನ ಮೂರನೆಯ ಪಾಲಿನಲ್ಲಿವೆ, ಅಲ್ಲಿ ನೆಲಗುಬ್ಬಿಯೂ ಮೊಟ್ಟೆಯಿಟ್ಟಿತ್ತು. ಕಾನೂನಿನ ಲೆಕ್ಕವೂ ವಿಚಿತ್ರವೇ: ಕರ್ನಾಟಕ ಭೂ ಕಂದಾಯ ನಿಯಮಗಳು 1966ರ 97ನೆಯ ನಿಯಮ 100 ಜಾನುವಾರುಗಳಿಗೆ 12 ಹೆಕ್ಟೇರ್ ಗಾಯರಾಣ (ಗೋಮಾಳ) ಮೀಸಲಿಡಬೇಕೆನ್ನುತ್ತದೆ, ಆದರೆ ಆ ಎಣಿಕೆಯಿಂದ ಕುರಿ ಮೇಕೆಗಳನ್ನು ಹೊರಗಿಡುತ್ತದೆ. ದೊಡ್ಡಪ್ಪನಿಗೆ ಇದನ್ನು ಓದಿ ಹೇಳಿದಾಗ ಅವರು ನಕ್ಕು ಸುಮ್ಮನಾದರು.

ನಾಲ್ಕನೆಯ ಪಾಲಿನಲ್ಲಿ ಡೈಕ್ಯಾಂಥಿಯಂ ತೆನೆ ಈಗ ನೇರಳೆ ಬಣ್ಣಕ್ಕೆ ತಿರುಗಿದೆ. ಹಸ್ತಾ ಮಳೆ ಹಿಂದೆ ಸರಿದ ಮೇಲೆ ಬೀಜವನ್ನು ಚೀಲಕ್ಕೆ ಉದುರಿಸಿಕೊಂಡು, ಕಳೆದ ವರ್ಷ ಬರಿದಾದ ಕಡೆ ಬರುವ ಮಿರಗಕ್ಕೆ ಎರಚುವುದಕ್ಕೆ ಇಡಬೇಕು. ಅಲ್ಲಿಯವರೆಗೆ ಆ ಬದಿಯ ಬೇಲಿಗೆ ಇನ್ನೆರಡು ಹೊರೆ ಮುಳ್ಳು ಹಾಕಬೇಕು, ಏಕೆಂದರೆ ನಮ್ಮ ದೊಡ್ಡ ಟಗರು ಅದರ ಒಂದು ಮೂಲೆಯನ್ನು ಈಗಾಗಲೇ ತಲೆಯಿಂದ ತಳ್ಳಿ ಸಡಿಲ ಮಾಡಿದೆ.