ಅಜ್ಜಿಗೆ ಬಂದ ಕಿವುಡು

ಶುಕ್ರವಾರ ರಜೆ ಅಂತ ಗೆಳೆಯ ತನ್ನ ಊರಿಗೆ ಕರೆದುಕೊಂಡು ಹೋಗಿದ್ದ. ಇರಾನಿನ ತಾಕೆಸ್ತಾನ್. ಕಜ್ವೀನ್‌ನಿಂದ ಸುಮಾರು 35 ಕಿಲೋಮೀಟರ್. ಮುಂಚೆ ಸಿಯಾದಹನ್ ಅನ್ನುತ್ತಿದ್ದರಂತೆ, ಈಗಿನ ಹೆಸರು ದ್ರಾಕ್ಷಿತೋಟದಿಂದ ಬಂದದ್ದು. ಚಪ್ಪರ ಗಿಪ್ಪರ ಏನಿಲ್ಲ, ಬಳ್ಳಿಗಳು ಮಣ್ಣಿನ ಮೇಲೆಯೇ ಹರಡಿಕೊಂಡಿದ್ದವು.

ಅಂಗಳದಲ್ಲಿ ಅವನ ಅಮ್ಮ ಒಣದ್ರಾಕ್ಷಿಯ ತೊಟ್ಟು ಬಿಡಿಸುತ್ತಾ ಕೂತಿದ್ದರು. ಮೊಮ್ಮಗಳನ್ನು ಏನೋ ಕೇಳಿದರು. "ಆಮೇಲೆ ಬರ್ತೀನಿ ಅಜ್ಜಿ" ಅಂದಳು. ಮತ್ತೇನೋ ಕೇಳಿದರು. "ಹಸಿವಿಲ್ಲ" ಅಂದಳು. ಹುಡುಗಿಯ ಮಾತು ನನ್ನ ಅರೆಬರೆ ಫಾರ್ಸಿಗೇ ಅರ್ಥವಾಯಿತು. ಅಜ್ಜಿಯದು ಒಂದಕ್ಷರವೂ ಇಲ್ಲ.

"ಇಬ್ಬರೂ ಬೇರೆ ಬೇರೆ ಭಾಷೆ ಮಾತಾಡ್ತಿದ್ದಾರೆ ಅಲ್ವಾ?" ಅಂದೆ.

ಗೆಳೆಯ ಕತ್ತು ಹೊರಳಿಸಿ ಸ್ವಲ್ಪ ಹೊತ್ತು ಕೇಳಿಸಿಕೊಂಡ. "ಹೌದಲ್ಲ! ಅಮ್ಮ ನಮ್ಮೂರ ಭಾಷೆ ತಾತಿ, ಇವಳು ಫಾರ್ಸಿ."

ಆ "ಹೌದಲ್ಲ" ಇನ್ನೂ ನನ್ನ ತಲೆಯಿಂದ ಹೋಗಿಲ್ಲ. ಇದೇ ಮನುಷ್ಯ ಬೆಳಿಗ್ಗೆ ಪೀರ್ ಗೋರಿಯ ಮುಂದೆ ನನ್ನನ್ನು ಬಿಸಿಲಲ್ಲಿ ನಿಲ್ಲಿಸಿ ಸೆಲ್ಜೂಕ್ ದೊರೆಗಳ ಕಾಲದ ಇಟ್ಟಿಗೆ ಕೆಲಸವನ್ನು ಒಂದೂ ಬಿಡದೆ ತೋರಿಸಿದ್ದ. ತಾತಿ ಬಗ್ಗೆಯೂ ಕೊಚ್ಚಿಕೊಂಡಿದ್ದ. ಸುತ್ತ ತುರ್ಕಿ ಮಾತಾಡುವ ಹಳ್ಳಿಗಳಿದ್ದರೂ ಉಳಿದಿದೆ, ಫಾರ್ಸಿಯ ವ್ಯಾಕರಣದಲ್ಲಿ ಇಲ್ಲದ ಗಂಡು ಹೆಣ್ಣು ಭೇದ ಇದರಲ್ಲಿದೆ, ಎಹ್ಸಾನ್ ಯಾರ್‌ಶಾತರ್ ಅಂಥ ವಿದ್ವಾಂಸರು 1969ರಲ್ಲೇ ಈ ಕಡೆಯ ತಾತಿಯ ವ್ಯಾಕರಣ ಬರೆದು ಪ್ರಕಟಿಸಿದ್ದಾರೆ... ಎಲ್ಲ ಸರಿ ಮಾರಾಯ, ಮಗಳ ಹತ್ತಿರ ನೀನು ಯಾವುದರಲ್ಲಿ ಮಾತಾಡ್ತೀಯ?

ಫಾರ್ಸಿಯಲ್ಲೇ. ಗಂಡ ಹೆಂಡತಿ ಜಗಳ ಮಾತ್ರ ತಾತಿಯಲ್ಲಂತೆ.

ಹೆಂಡತಿ ಇವನಿಗಿಂತ ನೇರ. "ಶಾಲೆಯಲ್ಲಿ ನನ್ನ ಫಾರ್ಸಿ ಕೇಳಿ ನಗ್ತಿದ್ರು. ಇವಳಿಗೆ ಅದು ಬೇಡ" ಅಂದರು. ಇರಾನಿನ ಸಂವಿಧಾನದ 15ನೇ ವಿಧಿ ಪ್ರಾದೇಶಿಕ ಭಾಷೆಗಳ ಸಾಹಿತ್ಯವನ್ನು ಶಾಲೆಯಲ್ಲಿ ಕಲಿಸಬಹುದು ಅನ್ನುತ್ತದೆ. ಕಲಿಸಬಹುದು, ಅಷ್ಟೆ. ಪಠ್ಯಪುಸ್ತಕಗಳು ಫಾರ್ಸಿಯಲ್ಲೇ ಇರಬೇಕು ಅಂತಲೂ ಅದರಲ್ಲೇ ಇದೆ. ಹಾಗಾಗಿ ಆಕೆಯ ಮೇಲೆ ನನಗೆ ಬೇಜಾರಿಲ್ಲ. ಹೆಮ್ಮೆಯನ್ನೆಲ್ಲ ನೆಂಟರಿಗೆ ಬಡಿಸಲು ಇಟ್ಟುಕೊಂಡು, ಮನೆಯಲ್ಲಿ ಸುಮ್ನೆ ಇರುವ ಗಂಡನ ಮೇಲೇ ಜಾಸ್ತಿ.

ಸಂಜೆ ಹುಡುಗಿ ಬಂದು ಅಜ್ಜಿಯ ಹತ್ತಿರ ಕಿಶ್ಮಿಶ್ ಕೇಳಿದಳು, ಫಾರ್ಸಿಯಲ್ಲಿ. ಅಜ್ಜಿಗೆ ಇದ್ದಕ್ಕಿದ್ದ ಹಾಗೆ ಕಿವುಡು. ಮತ್ತೆ ಕೇಳಿದಳು. ಊಹೂಂ. ಕಾಲು ಅಪ್ಪಳಿಸಿದಳು. ಅದಕ್ಕೂ ಜಗ್ಗಲಿಲ್ಲ. ಕೊನೆಗೆ ತಾತಿಯಲ್ಲಿ ಪಟಪಟ ಅಂತ ಏನೇನೋ ಅಂದಳು. ಬೊಗಸೆ ತುಂಬ ಕಿಶ್ಮಿಶ್ ಬಂತು.

"ನೋಡಿ, ಅವಳಿಗೆ ಬರುತ್ತೆ!" ಅಂದೆ.

"ಕಿಶ್ಮಿಶ್‌ಗೆ ಬರುತ್ತೆ" ಅಂದರು ಅವಳಮ್ಮ. "ಹೋಂವರ್ಕ್‌ಗೆ?"