ಅರ್ಧ ಡಿಗ್ರಿ ತಪ್ಪಿದ ಕೆಂಪು ಗೆರೆ

ಬಿಎಸ್ಸಿ ಕೊನೆಯ ವರ್ಷ. ಡಾರ್ಕ್ ರೂಮಿನ ಕಿಟಕಿಗೆ ಕಪ್ಪು ಬಟ್ಟೆ, ಒಳಗೆ ವಿಪರೀತ ಸೆಖೆ. ಹೈಡ್ರೋಜನ್ ಟ್ಯೂಬು ಗುಲಾಬಿ ಬಣ್ಣದಲ್ಲಿ ಉರಿಯುತ್ತಿತ್ತು. ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಗ್ರೇಟಿಂಗ್ ಇಟ್ಟು ಟೆಲಿಸ್ಕೋಪ್ ತಿರುಗಿಸಿದರೆ ಮೊದಲು ನೇರಳೆ ಗೆರೆ, ಆಮೇಲೆ ಹಸಿರು ಬೆರೆತ ನೀಲಿ, ಕೊನೆಗೆ ಕೆಂಪು. ಮಧ್ಯೆ ಬರೀ ಕತ್ತಲೆ.

ಅಲ್ಲಿಯವರೆಗೆ ಪರಮಾಣುವಿನ ಬೋರ್ ಮಾದರಿ ಅಂದರೆ ನನಗೆ ಐದು ಮಾರ್ಕಿನ ಪ್ರಶ್ನೆ, ಅಷ್ಟೇ. ಎಲೆಕ್ಟ್ರಾನು ಗೊತ್ತಾದ ಕಕ್ಷೆಗಳಲ್ಲಿ ಮಾತ್ರ ಸುತ್ತುತ್ತದೆ, ಮೇಲಿನದರಿಂದ ಕೆಳಗಿನದಕ್ಕೆ ಜಿಗಿದಾಗ ಬೆಳಕು ಬರುತ್ತದೆ. ಬಾಯಿಪಾಠ ಮಾಡಿದ್ದೆ. ಮೂರನೇ ಕಕ್ಷೆಯಿಂದ ಎರಡಕ್ಕೆ ಜಿಗಿದರೆ ಬರುವ ಕೆಂಪು ಇದೇ ಅಂತ ಕಣ್ಣಾರೆ ಕಂಡಾಗ ಮಾತ್ರ ಮೈ ಜುಮ್ಮೆಂದಿತು.

ಆ ಕೆಂಪಿನ ತರಂಗಾಂತರ ಲೆಕ್ಕ ಹಾಕಿದರೆ 649 ನ್ಯಾನೋಮೀಟರ್! ಬರಬೇಕಾದ್ದು 656. ಮೂರು ಸಲ ಕೂಡಿ ಕಳೆದು ಮಾಡಿದರೂ ಅದೇ. ಕೊನೆಗೆ ಗೊತ್ತಾಯಿತು, ಒಂದು ಕಡೆ ಕೋನ ಅಳೆಯುವ ಸ್ಕೇಲಿನ ಅರ್ಧ ಡಿಗ್ರಿ ಗೆರೆಯನ್ನೇ ಬಿಟ್ಟು, ಅದರ ಪಕ್ಕದ ಸಣ್ಣ ಸ್ಕೇಲು ವರ್ನಿಯರ್ ಓದಿದ್ದೆ.

ಈ ಸಂಖ್ಯೆಗಳ ಜೊತೆ ಆಟವಾಡಿ ಸೂತ್ರ ಕಂಡುಹಿಡಿದವರು ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಗಣಿತದ ಮೇಷ್ಟ್ರು ಬಾಲ್ಮರ್. ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. 1885ರಲ್ಲಿ, ಅರವತ್ತರ ವಯಸ್ಸಿನಲ್ಲಿ, 364.56 ಅನ್ನೋ ಒಂದೇ ಸಂಖ್ಯೆಯಿಂದ ಹೈಡ್ರೋಜನ್ನಿನ ಕಣ್ಣಿಗೆ ಕಾಣುವ ನಾಲ್ಕೂ ಗೆರೆ ಹೊರಡಿಸಿದರು. 9/5ರಿಂದ ಗುಣಿಸಿದರೆ ಕೆಂಪು, 4/3ರಿಂದ ನೀಲಿ. ನಾನು ರೆಕಾರ್ಡ್ ಪುಸ್ತಕದ ಹಿಂಬದಿಯಲ್ಲೇ ಗುಣಿಸಿ ನೋಡಿದೆ. ಕರೆಕ್ಟಾಗಿ ಬರುತ್ತದೆ! ಯಾಕೆ ಬರುತ್ತದೆ ಅನ್ನೋದು ಮಾತ್ರ ಅವರಿಗೂ ಗೊತ್ತಿರಲಿಲ್ಲ.

ಅದೇ 1885ರಲ್ಲಿ ಹುಟ್ಟಿದವರು ಡೆನ್ಮಾರ್ಕಿನ ಭೌತವಿಜ್ಞಾನಿ ಬೋರ್. ಭೌತವಿಜ್ಞಾನಿ ರುದರ್‌ಫೋರ್ಡ್ 1911ರಲ್ಲಿ ಹೇಳಿದ, ನಡುವೆ ನ್ಯೂಕ್ಲಿಯಸ್ಸು, ಸುತ್ತ ಎಲೆಕ್ಟ್ರಾನು ಇರುವ ಪರಮಾಣುವಿಗೆ ದೊಡ್ಡ ತೊಂದರೆಯಿತ್ತು. ಹಳೆಯ ನಿಯಮದ ಪ್ರಕಾರ ಸುತ್ತುವ ಎಲೆಕ್ಟ್ರಾನು ಶಕ್ತಿ ಕಳೆದುಕೊಂಡು ಕಣ್ಣು ಮಿಟುಕಿಸುವುದರೊಳಗೆ ನ್ಯೂಕ್ಲಿಯಸ್ಸಿಗೆ ಬೀಳಬೇಕು. ಬೋರ್ ಇದರಲ್ಲೇ ಮುಳುಗಿದ್ದರು, ಬಣ್ಣದ ಗೆರೆಗಳ ಕಡೆ ಗಮನವಿರಲಿಲ್ಲ. 1913ರ ಶುರುವಿನಲ್ಲಿ ಕೋಪನ್‌ಹೇಗನ್‌ನಲ್ಲಿ ಗೆಳೆಯ ಹ್ಯಾನ್ಸೆನ್ ಬಾಲ್ಮರ್ ಸೂತ್ರದ ಬಗ್ಗೆ ಕೇಳಿದರು. ಆಮೇಲೆ ಎಲ್ಲ ಸರಸರ ಜೋಡಿಸಿಕೊಂಡಿತು. ಎಲೆಕ್ಟ್ರಾನಿನ ತೂಕ, ಚಾರ್ಜು, ಬೆಳಕಿನ ಶಕ್ತಿಯ ಲೆಕ್ಕಕ್ಕೆ ಬಳಸುವ ಪ್ಲಾಂಕ್ ಸ್ಥಿರಾಂಕ ಹಾಕಿದರೆ, ಗೆರೆಗಳನ್ನು ಅಳೆದು ಮೊದಲೇ ಗೊತ್ತಿದ್ದ ರಿಡ್‌ಬರ್ಗ್ ಸಂಖ್ಯೆಯೇ ಬಂತು.

ಬೋರ್ ಬರೆದ ಲೇಖನದ ಕರಡು ಓದಿದ ರುದರ್‌ಫೋರ್ಡ್ ಕೇಳಿದ್ದು ಒಂದು ತುಂಟ ಪ್ರಶ್ನೆ: ಎಲ್ಲಿ ನಿಲ್ಲಬೇಕು ಅಂತ ಎಲೆಕ್ಟ್ರಾನಿಗೆ ಮೊದಲೇ ಗೊತ್ತಿರಬೇಕಲ್ಲ? ಇದನ್ನೇ ನಾನು ಕ್ಲಾಸಿನಲ್ಲಿ ಕೇಳಿದಾಗ ಸಿಕ್ಕ ಉತ್ತರ, "ಅದು ಪರೀಕ್ಷೆಗೆ ಬರಲ್ಲ, ಕೂತ್ಕೋ."

ನಾಲ್ಕನೇ ಗೆರೆ, 410 ನ್ಯಾನೋಮೀಟರಿನದು, ಎಷ್ಟು ಹುಡುಕಿದರೂ ಸಿಗಲಿಲ್ಲ. ಸೂತ್ರದಿಂದ ಹಿಂದಕ್ಕೆ ಲೆಕ್ಕ ಹಾಕಿದೆ. ನಮ್ಮ ಗ್ರೇಟಿಂಗ್‌ಗೆ 14 ಡಿಗ್ರಿ ಹತ್ತಿರ ಇರಬೇಕು. ಟೆಲಿಸ್ಕೋಪನ್ನು ಅಲ್ಲಿಗೇ ತಂದು ನಿಲ್ಲಿಸಿ, ತಲೆ ಮೇಲೆ ಕಪ್ಪು ಬಟ್ಟೆ ಎಳೆದುಕೊಂಡು ಕೂತೆ. ಐದು ನಿಮಿಷವಾದ ಮೇಲೆ ಬೂದಿ ಬಣ್ಣದ ಒಂದು ಎಳೆ. ಕಂಡಿತೋ, ಕಂಡಂತಾಯಿತೋ. ಗೆಳೆಯನನ್ನು ಕರೆದು ತೋರಿಸಿದರೆ, "ಏನೂ ಇಲ್ಲ ಕಣೋ" ಅಂದ. ರೆಕಾರ್ಡಿನಲ್ಲಿ "ಬಹಳ ಮಸುಕು" ಅಂತ ಬರೆದು ಟ್ಯೂಬ್ ಆರಿಸಿದೆ.