ಟಿಕೆಟ್ ಇಲ್ಲದ ಮನೆಯಲ್ಲಿ ಸೇಟಿ ರಾಜನ ಪೆಟ್ಟಿಗೆ

ಶವಪೆಟ್ಟಿಗೆ ನೋಡಲು ಹೋಗುತ್ತಿದ್ದೇವೆ ಎಂದು ಅಮ್ಮನಿಗೆ ಹೇಳಿರಲಿಲ್ಲ. ಹೇಳಿದ್ದರೆ ಬರುತ್ತಿರಲಿಲ್ಲ. ಲಂಡನ್ನಿನ ಲಿಂಕನ್ಸ್ ಇನ್ ಫೀಲ್ಡ್ಸ್‌ನಲ್ಲಿ ಸರ್ ಜಾನ್ ಸೋನ್ ಎಂಬ ವಾಸ್ತುಶಿಲ್ಪಿಯ ಹಳೆಯ ಮನೆಯಿದೆ, ಒಳಗೆ ಹೋಗಲು ಟಿಕೆಟ್ ಇಲ್ಲ ಎಂದಷ್ಟೇ ಹೇಳಿದ್ದೆ. ಟಿಕೆಟ್ ಇಲ್ಲ ಎಂಬ ಮಾತಿಗೆ ಅವಳು ತಕ್ಷಣ ಚಪ್ಪಲಿ ಮೆಟ್ಟಿದಳು.

ಇಟ್ಟಿಗೆ ಕಟ್ಟುವವನ ಮಗನಾದ ಈ ಸೋನ್ ಬ್ಯಾಂಕ್ ಆಫ್ ಇಂಗ್ಲೆಂಡಿನ ಕಟ್ಟಡಕ್ಕೆ ರೂಪ ಕೊಟ್ಟವನು. ತನ್ನ ಮನೆಯ ಗೋಡೆಯಲ್ಲಿ ಮಾತ್ರ ಅಂಗೈ ಅಗಲದ ಜಾಗವನ್ನೂ ಬಿಟ್ಟಿಲ್ಲ. ಎಲ್ಲೆಲ್ಲೂ ಮೂರ್ತಿ, ಕುಂಡ, ಮುರಿದ ಕಲ್ಲು. ಇದನ್ನೆಲ್ಲ ಹೀಗೆಯೇ ಇಡಬೇಕೆಂದು 1833ರಲ್ಲಿ ಸಂಸತ್ತಿನಲ್ಲಿ ಕಾಯಿದೆಯನ್ನೇ ಮಾಡಿಸಿದ. “ಧೂಳು ಒರೆಸುವವರ ಗತಿ?” ಎಂದಳು ಅಮ್ಮ.

ಗುಮ್ಮಟದ ಕೆಳಗೆ ನಿಂತು, ಬಾವಿಗೆ ಇಣುಕುವಂತೆ ನೆಲಮಾಳಿಗೆಯತ್ತ ಬಗ್ಗಿದೆವು. ಅಲ್ಲಿತ್ತು, ಅಲಬಾಸ್ಟರ್ ಎಂಬ ಬಿಳಿಯ ಕಲ್ಲಿನ ಒಂದೇ ಬಂಡೆಯಲ್ಲಿ ಕೊರೆದ, ಒಂಬತ್ತು ಅಡಿಗೂ ಮೀರಿದ ಪೆಟ್ಟಿಗೆ.

“ಸ್ನಾನದ ತೊಟ್ಟಿಯೇ?”

ಇನ್ನು ಮುಚ್ಚಿಡುವಂತಿರಲಿಲ್ಲ. ಈಜಿಪ್ಟಿನ ಫೇರೋ ಮೊದಲನೆಯ ಸೇಟಿಯದು, ಮೂರು ಸಾವಿರ ವರ್ಷಕ್ಕೂ ಹಳೆಯದು ಎಂದೆ. ಅಮ್ಮ ಎರಡು ಹೆಜ್ಜೆ ಹಿಂದಕ್ಕೆ ಸರಿದಳು. “ಒಳಗಿದ್ದಾನೆಯೇ?”

ಇಲ್ಲ. 1817ರಲ್ಲಿ ರಾಜರ ಕಣಿವೆಯ ಗೋರಿಯಲ್ಲಿ ಇಟಲಿಯ ಅನ್ವೇಷಕ ಬೆಲ್ಜೋನಿಗೆ ಇದು ಸಿಕ್ಕಾಗಲೇ ಖಾಲಿಯಾಗಿತ್ತು, ಮುಚ್ಚಳ ಚೂರಾಗಿತ್ತು. ಹಿಂದೆಯೇ ಪುರೋಹಿತರು ರಾಜನ ದೇಹವನ್ನು ಬೇರೆಡೆ ಬಚ್ಚಿಟ್ಟಿದ್ದರು. ಅದು ಹೊರಬಂದದ್ದು 1881ರಲ್ಲಿ, ಈಗಿರುವುದು ಕೈರೋದಲ್ಲಿ. ಇಷ್ಟು ಕೇಳಿದ ಮೇಲೆಯೇ ಅಮ್ಮ ಮೆಟ್ಟಿಲಿಳಿದಳು.

ಹತ್ತಿರ ಹೋದರೆ ಮೈತುಂಬ ಅಕ್ಷರ. ರಾತ್ರಿಯ ಹನ್ನೆರಡು ತಾಸು ಸೂರ್ಯ ಪಾತಾಳದಲ್ಲಿ ಸಾಗುವ ಕಥೆ, ಬಾಗಿಲು ಬಾಗಿಲಿಗೂ ಕಾವಲಿನ ಹಾವು. ಹಾವುಗಳನ್ನು ಕಂಡದ್ದೇ ಅಮ್ಮ ಅರಿವಿಲ್ಲದೆ ಕೈ ಜೋಡಿಸಿದಳು, ನಾಗರಕಲ್ಲಿನ ಮುಂದೆ ನಿಂತ ಹಾಗೆ. ಕೊರೆದ ಗೆರೆಗಳಲ್ಲಿ ಮೊದಲು ನೀಲಿ ಬಣ್ಣ ತುಂಬಿತ್ತಂತೆ. ಲಂಡನ್ನಿನ ಹವೆಗೆ ಬಹುಪಾಲು ಉದುರಿಹೋಗಿದೆ, ಬಿಳಿಯ ಕಲ್ಲೂ ಹಳದಿಗೆ ತಿರುಗಿದೆ. ಮರಳುಗಾಡು ಅಷ್ಟು ಕಾಲ ಕಾಪಾಡಿದ್ದನ್ನು ಇನ್ನೂರು ವರ್ಷದಲ್ಲಿ ಕಳೆದ ಊರಿದು! ಪೆಟ್ಟಿಗೆಯ ತಳದಲ್ಲಿ ಆಕಾಶದೇವಿ ನುತ್ ನಿಂತಿದ್ದಾಳೆ. ರಾಜ ಅವಳ ಮೇಲೆ ಮಲಗಬೇಕಿತ್ತು. ನಾನು ಹೆಚ್ಚು ಹೊತ್ತು ನಿಂತದ್ದು ಅವಳನ್ನು ನೋಡುತ್ತಲೇ.

ಬ್ರಿಟಿಷ್ ಮ್ಯೂಸಿಯಂ ಎರಡು ಸಾವಿರ ಪೌಂಡ್ ಕೊಡಲು ಒಲ್ಲೆನೆಂದಾಗ 1824ರಲ್ಲಿ ಸೋನ್ ಇದನ್ನು ಕೊಂಡ. ಒಳಗೆ ತರಲು ಗೋಡೆ ಒಡೆಸಿದ. ಮರುವರ್ಷ ಮೂರು ಸಂಜೆ ದೀಪಗಳನ್ನು ಹಚ್ಚಿಸಿ ಊರಿನ ಗಣ್ಯರನ್ನು ಕರೆದ. ಈ ಕಲ್ಲಿನಲ್ಲಿ ಬೆಳಕು ಹಾಯುತ್ತದೆ. ಒಳಗೊಂದು ದೀಪವಿಟ್ಟರೆ ಇಡೀ ಪೆಟ್ಟಿಗೆ ಹೊಳೆಯುತ್ತದೆ.

“ಯಾರದೋ ಪೆಟ್ಟಿಗೆಗೆ ಇವನು ವೈಕುಂಠ ಸಮಾರಾಧನೆ ಮಾಡಿದನೇ!” ಅಮ್ಮನಿಗೆ ನಗು ತಡೆಯಲಾಗಲಿಲ್ಲ.

ಮನೆಗೆ ಬಂದವಳೇ ನೇರ ಬಚ್ಚಲಿಗೆ ನಡೆದು ತಲೆಗೆ ನೀರು ಹಾಕಿಕೊಂಡಳು. ಹೊರಬಂದು ನನ್ನ ಕೈಗೂ ಟವೆಲ್ ಕೊಟ್ಟಳು. ಪೆಟ್ಟಿಗೆ ಖಾಲಿ ಇತ್ತಲ್ಲಮ್ಮ ಎಂದೆ.

“ಖಾಲಿ ಇದ್ದುದಕ್ಕೆ ಸ್ನಾನ ಸಾಕು ಎಂದದ್ದು. ಹೋಗು.”